ಜನರಲ್ ಟೋಮಾ ಮಾತಿಗೆ ಕೂತಾಗ

ಕಾಗದದ ಮೇಲೆ ನೋಡಿದರೆ ವಿಲ್ಹೆಲ್ಮ್ ರಿಟರ್ ಫಾನ್ ಟೋಮಾನ ಬದುಕು ಒಂದು ಪದಕಪಟ್ಟಿ. ಹುಟ್ಟಿದ್ದು 1891ರಲ್ಲಿ, ಮ್ಯೂನಿಕ್ ಹತ್ತಿರದ ಡಖಾವ್ ಎಂಬ ಪುಟ್ಟ ಊರಿನಲ್ಲಿ. ಆ ಊರಿನ ಹೆಸರು ಲೋಕಕ್ಕೆಲ್ಲ ಗೊತ್ತಾದದ್ದು ಆಮೇಲೆ, ಬೇರೆಯದೇ ಕಾರಣಕ್ಕೆ: ನಾಜಿಗಳ ಸೆರೆಶಿಬಿರದಿಂದ. ಹುಟ್ಟಿದಾಗ ಅವನು ಬರಿಯ ವಿಲ್ಹೆಲ್ಮ್ ಟೋಮಾ. ಮೊದಲ ಮಹಾಯುದ್ಧದಲ್ಲಿ, 1916ರ ಬೇಸಿಗೆಯಲ್ಲಿ, ರಷ್ಯದ ಬ್ರುಸಿಲೋವ್ ನಡೆಸಿದ ದಾಳಿಯನ್ನು ಎದುರಿಸಿ ನಿಂತದ್ದಕ್ಕೆ ಬವೇರಿಯಾ ಅವನಿಗೆ ತನ್ನ ಅತ್ಯುಚ್ಚ ಸೈನಿಕ ಗೌರವವಾದ ಮ್ಯಾಕ್ಸ್ ಜೋಸೆಫ್ ಪದಕ ಕೊಟ್ಟಿತು. ಆ ಪದಕ ಪಡೆದ ಸಾಮಾನ್ಯ ಕುಲದವನು ಬದುಕಿರುವವರೆಗೆ 'ರಿಟರ್ ಫಾನ್' ಎಂದು ಬರೆದುಕೊಳ್ಳಬಹುದಿತ್ತು. ಮಕ್ಕಳಿಗೆ ಅದು ದಾಟುತ್ತಿರಲಿಲ್ಲ. ಹಾಗಾಗಿ ಎದೆಯ ಮೇಲಿರಬೇಕಾದ ಬಿರುದು ಅವನ ಸಹಿಯೊಳಗೇ ಸೇರಿಕೊಂಡಿತು.

ಉಳಿದದ್ದನ್ನು ಬೇಗ ಹೇಳಿ ಮುಗಿಸಬಹುದು. 1936ರಿಂದ 1939ರವರೆಗೆ ಸ್ಪೇನಿನ ಅಂತರ್ಯುದ್ಧದಲ್ಲಿ ಫ್ರಾಂಕೋನ ಪರವಾಗಿ ಜರ್ಮನ್ ಟ್ಯಾಂಕ್ ಪಡೆಯ ಮುಖ್ಯಸ್ಥ. ಆಮೇಲೆ ಪೋಲೆಂಡ್, ಆಮೇಲೆ ರಷ್ಯ. 20ನೆಯ ಪ್ಯಾಂಜರ್ ಡಿವಿಜನ್ನಿನ ದಂಡನಾಯಕನಾಗಿದ್ದಾಗ, 1941ರ ಡಿಸೆಂಬರ್ 31ರಂದು, ನೈಟ್ಸ್ ಕ್ರಾಸ್. ಕುತ್ತಿಗೆಗೆ ಕಟ್ಟಿಕೊಳ್ಳುವ ಆ ಶಿಲುಬೆಯಾಕಾರದ ಪದಕ ಆ ಯುದ್ಧದಲ್ಲಿ ಏಳು ಸಾವಿರಕ್ಕೂ ಹೆಚ್ಚು ಮಂದಿಗೆ ಸಿಕ್ಕಿತು. 1942ರ ಸೆಪ್ಟೆಂಬರಿನಲ್ಲಿ ಉತ್ತರ ಆಫ್ರಿಕಾದ ಜರ್ಮನ್ ಪಡೆಯಾದ ಆಫ್ರಿಕಾ ಕೋರ್. ಈಜಿಪ್ಟಿನ ಎಲ್ ಅಲಮೇನ್‌ನಲ್ಲಿ ಎಲ್ಲ ಮುಗಿಯಿತು ಅನ್ನುವಾಗ, ಗೆಲುವು ಇಲ್ಲವೇ ಸಾವು, ಒಂದು ಹೆಜ್ಜೆಯೂ ಹಿಂದೆ ಸರಿಯಕೂಡದು ಎಂದು ಹಿಟ್ಲರನ ಆಜ್ಞೆ ಬಂತು. ಮರುದಿನ ಬೆಳಿಗ್ಗೆ, ನವೆಂಬರ್ 4ರಂದು, ಟೋಮಾ ಸಮವಸ್ತ್ರ ತೊಟ್ಟು, ಮರಳುಗಾಡಿನಲ್ಲಿ ಎಂದೂ ಹಾಕದ ಪದಕಗಳನ್ನೆಲ್ಲ ಹಾಕಿಕೊಂಡು ಬಂದನೆಂದು ಅವನ ಸಹೋದ್ಯೋಗಿ ಬೈಯರ್ಲೈನ್ ಯುದ್ಧ ಮುಗಿದ ಮೇಲೆ ನೆನೆಸಿಕೊಂಡಿದ್ದಾನೆ. ಸ್ವಲ್ಪ ಹೊತ್ತಿನಲ್ಲಿ ಉರಿಯುತ್ತಿದ್ದ ಟ್ಯಾಂಕಿನ ಪಕ್ಕದಲ್ಲಿ ಅವನು ಸೆರೆಸಿಕ್ಕ. ಆ ರಾತ್ರಿ ಬ್ರಿಟಿಷ್ ಸೇನಾಪತಿ ಮಾಂಟ್‌ಗೊಮೆರಿ ತನ್ನ ಡೇರೆಯಲ್ಲಿ ಅವನಿಗೆ ಊಟ ಹಾಕಿದ. ಈ ಔತಣದ ಸುದ್ದಿ ಕೇಳಿ ಇಂಗ್ಲೆಂಡಿನಲ್ಲಿ ಹಲವರು ಹುಬ್ಬು ಗಂಟಿಕ್ಕಿದರು.

ಪದಕಪಟ್ಟಿ ಇಲ್ಲಿಗೆ ನಿಲ್ಲುತ್ತದೆ. ಸೆರೆಯಲ್ಲಿ ಯಾರೂ ಪದಕ ಕೊಡುವುದಿಲ್ಲವಲ್ಲ. ಆದರೆ ಟೋಮಾ ಯುದ್ಧದ ಮೇಲೆ ತುಂಬ ದೊಡ್ಡ ಪರಿಣಾಮ ಬೀರಿದ್ದು ಇದಾದ ಮೇಲೆ, ಆರಾಮಕುರ್ಚಿಯಲ್ಲಿ ಕೂತು, ತನಗೇ ಗೊತ್ತಿಲ್ಲದೆ.

ಅವನನ್ನು ತಂದಿಟ್ಟ ಜಾಗ ಲಂಡನ್ನಿನ ಉತ್ತರದಂಚಿನ ಟ್ರೆಂಟ್ ಪಾರ್ಕ್. ವಿಶಾಲವಾದ ಹುಲ್ಲುಹಾಸು, ಕೊಳ, ಮರಗಳ ನಡುವೆ ಒಂದು ಬಂಗಲೆ. ಅದು ಸರ್ ಫಿಲಿಪ್ ಸಸೂನ್ ಎಂಬ ರಾಜಕಾರಣಿಯ ಮನೆ. ಮುಂಬಯಿ ಬಲ್ಲವರಿಗೆ ಆ ಮನೆತನದ ಹೆಸರು ಹೊಸದಲ್ಲ. ಕೊಲಾಬಾದ ಮೀನುಪೇಟೆಯ ಸಸೂನ್ ಡಾಕ್ ಕಟ್ಟಿಸಿದವನು ಈ ಫಿಲಿಪ್‌ನ ಅಜ್ಜ ಆಲ್ಬರ್ಟ್. ಅಪ್ಪ ಎಡ್ವರ್ಡ್ ಹುಟ್ಟಿದ್ದೇ ಮುಂಬಯಿಯಲ್ಲಿ. ಬಾಗ್ದಾದಿನಿಂದ ಬಂದ ಆ ಯಹೂದಿ ಕುಟುಂಬ ಹತ್ತಿ ಮತ್ತು ಅಫೀಮಿನ ವ್ಯಾಪಾರದಲ್ಲಿ ಗಳಿಸಿದ ಹಣ ಒಂದು ತಲೆಮಾರು ಕಳೆಯುವಷ್ಟರಲ್ಲಿ ಇಂಗ್ಲೆಂಡಿನ ಹುಲ್ಲುಹಾಸಾಗಿ ಮಾರ್ಪಟ್ಟಿತ್ತು. ಫಿಲಿಪ್ 1939ರ ಜೂನಿನಲ್ಲಿ ತೀರಿಕೊಂಡ. ಯುದ್ಧ ಶುರುವಾದ ಕೂಡಲೇ ಸರಕಾರ ಮನೆಯನ್ನು ವಶಕ್ಕೆ ತೆಗೆದುಕೊಂಡಿತು.

ಮನೆ ಬಂದದ್ದು ಥಾಮಸ್ ಕೆಂಡ್ರಿಕ್ ಎಂಬ ಅಧಿಕಾರಿಯ ಕೈಗೆ. ಯುದ್ಧಕ್ಕೆ ಮುಂಚೆ ಕೆಂಡ್ರಿಕ್ ವಿಯೆನ್ನಾದಲ್ಲಿ ಪಾಸ್‌ಪೋರ್ಟ್ ಅಧಿಕಾರಿಯ ವೇಷದಲ್ಲಿದ್ದ ಬ್ರಿಟಿಷ್ ಬೇಹುಗಾರ. 1938ರಲ್ಲಿ ನಾಜಿ ಗುಪ್ತ ಪೊಲೀಸ್ ಪಡೆ ಗೆಸ್ಟಾಪೋ ಅವನನ್ನು ಹಿಡಿದು, ವಿಚಾರಿಸಿ, ಗಡಿಯಾಚೆ ಅಟ್ಟಿತ್ತು. ಕೈದಿಯನ್ನು ಹೊಡೆದು ಬಡಿದು ಬಾಯಿ ಬಿಡಿಸುವುದಕ್ಕಿಂತ, ಅವನು ತನ್ನವರೊಂದಿಗೆ ಆಡುವ ಮಾತು ಕೇಳುವುದು ಮೇಲು ಎಂಬುದು ಕೆಂಡ್ರಿಕ್‌ನ ನಂಬಿಕೆ. ಟ್ರೆಂಟ್ ಪಾರ್ಕ್‌ನ ಬೆಂಕಿಗೂಡು, ದೀಪದ ಬುರುಡೆ, ಗೋಡೆಯ ಕೆಳಪಟ್ಟಿಯ ಹಿಂದೆ, ಬಿಲಿಯರ್ಡ್ಸ್ ಮೇಜಿನಲ್ಲಿ, ಕೊನೆಗೆ ತೋಟದ ಮರಗಳಲ್ಲೂ ಮೈಕ್ರೋಫೋನ್ ಕೂರಿಸಿದರು. ತಂತಿಗಳು ಹೋಗಿ ಸೇರುತ್ತಿದ್ದದ್ದು ಕೇಳುಗರ ಕೋಣೆಗೆ. ಅಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಕೂತವನು, ಕೆಲಸಕ್ಕೆ ಬರುವ ಮಾತು ಅನ್ನಿಸಿದ ಕೂಡಲೇ ಮುಳ್ಳನ್ನು ಡಿಸ್ಕಿನ ಮೇಲೆ ಇಳಿಸುತ್ತಿದ್ದ.

ಮೊದಮೊದಲು ಕೇಳುತ್ತಿದ್ದವರು ಜರ್ಮನ್ ಕಲಿತ ಇಂಗ್ಲಿಷ್ ಅಧಿಕಾರಿಗಳು. ಅದು ಸಾಲಲಿಲ್ಲ. ಬವೇರಿಯಾದವನ ಉಚ್ಚಾರ ಒಂದು, ಬರ್ಲಿನ್ನಿನವನ ಉಚ್ಚಾರ ಇನ್ನೊಂದು. ನಡುವೆ ಸೈನ್ಯದ ಸಂಕ್ಷೇಪಗಳು ಬೇರೆ. ಆಗ ಕೆಂಡ್ರಿಕ್ ಕೈಹಾಕಿದ್ದು ಹಿಟ್ಲರನ ಕಾಟ ತಾಳಲಾರದೆ ಓಡಿಬಂದು, ಬ್ರಿಟಿಷ್ ಸೈನ್ಯದ ಪಯೊನೀರ್ ಕೋರ್‌ನಲ್ಲಿ ಕೂಲಿಯಂಥ ಕೆಲಸ ಮಾಡುತ್ತಿದ್ದ ಜರ್ಮನ್ ಮತ್ತು ಆಸ್ಟ್ರಿಯನ್ ಯಹೂದಿ ಯುವಕರಿಗೆ. ಬರ್ಲಿನ್ನಿನಲ್ಲಿ ಹುಟ್ಟಿದ, ಚೆಲ್ಲೋ ನುಡಿಸುತ್ತಿದ್ದ ಫ್ರಿಟ್ಸ್ ಲುಸ್ಟಿಗ್ ಅಂಥವರಲ್ಲೊಬ್ಬರು. ಅವರು ದುಡಿದದ್ದು ಬಕಿಂಗ್‌ಹ್ಯಾಮ್‌ಶೈರ್‌ನ ಲ್ಯಾಟಿಮರ್ ಹೌಸ್ ಮತ್ತು ವಿಲ್ಟನ್ ಪಾರ್ಕ್ ಎಂಬ ಸೋದರ ಕೇಂದ್ರಗಳಲ್ಲಿ. ಅಲ್ಲಿದ್ದವರು ಕೆಳದರ್ಜೆಯ ಕೈದಿಗಳು. 1942ರಿಂದ ಟ್ರೆಂಟ್ ಪಾರ್ಕ್ ಜನರಲ್‌ಗಳಿಗೇ ಮೀಸಲಾಯಿತು.

ಜನರಲ್‌ಗಳನ್ನು ಅತಿಥಿಗಳಂತೆ ನೋಡಿಕೊಂಡರು. ಒಳ್ಳೆಯ ಊಟ, ವೈನ್, ಪತ್ರಿಕೆ, ರೇಡಿಯೋ, ಓಡಾಡಲು ತೋಟ. ಅವರ ಕಷ್ಟಸುಖ ವಿಚಾರಿಸಲು ಲಾರ್ಡ್ ಅಬರ್‌ಫೆಲ್ಡಿ ಎಂಬ ಶ್ರೀಮಂತ ಗೃಹಸ್ಥ ಬರುತ್ತಿದ್ದ, ರಾಜಮನೆತನದ ನೆಂಟ ಎಂದು ಹೇಳಿಕೊಂಡು. ಅಂಥ ಲಾರ್ಡ್ ಯಾರೂ ಇರಲಿಲ್ಲ. ಅವನು ಗುಪ್ತಚರ ಇಲಾಖೆಯ ಇಯಾನ್ ಮನ್ರೋ. ವಿಚಾರಣೆಯ ನಾಟಕವೂ ನಡೆಯುತ್ತಿತ್ತು. ಒಬ್ಬ ಅಧಿಕಾರಿ ಬಂದು ಪೆದ್ದುಪೆದ್ದಾಗಿ ಏನೋ ಕೇಳಿ ಹೋಗುವನು. ಕೋಣೆಗೆ ಮರಳಿದ ಜನರಲ್, ಅವನಿಗೆ ನಾನು ಏನನ್ನೂ ಬಿಟ್ಟುಕೊಡಲಿಲ್ಲ ಎಂದು ಜೊತೆಗಾರನಿಗೆ ಬೀಗುತ್ತಾ, ಬಿಟ್ಟುಕೊಡದೆ ಇದ್ದದ್ದು ಏನೇನು ಎಂದು ಬಿಡಿಸಿ ಹೇಳುವನು. ಗೋಡೆಗೆ ಕಿವಿಯಿದ್ದೀತು ಎಂದು ಅನುಮಾನಪಟ್ಟವರು ಇರಲಿಲ್ಲವೆಂದಲ್ಲ. ಆದರೆ ನಾಲಗೆಯನ್ನು ತಿಂಗಳುಗಟ್ಟಲೆ ಕಟ್ಟಿಹಾಕಿ ಕೂರುವುದು ಯಾರಿಂದಾದೀತು, ಅದೂ ಜೀವಮಾನವೆಲ್ಲ ಅಪ್ಪಣೆ ಕೊಟ್ಟು ಅಭ್ಯಾಸವಾದವರಿಂದ?

ಅಂದಹಾಗೆ ಕೈದಿಗಳನ್ನು ವಿಚಾರಿಸುವ ಈ ಗುಪ್ತಚರ ಇಲಾಖೆಯ ಒಂದು ಶಾಖೆ ನಮ್ಮ ದೆಹಲಿಯ ಕೆಂಪುಕೋಟೆಯಲ್ಲೂ ಇತ್ತು. ಆಜಾದ್ ಹಿಂದ್ ಫೌಜಿನ ಸೈನಿಕರನ್ನು ವಿಚಾರಣೆಗೆ ಒಳಪಡಿಸಿದ್ದು ಅದೇ. ಇನ್ನೊಂದು ನಂಟೂ ಇದೆ. 1943ರ ಮೇ ತಿಂಗಳಲ್ಲಿ ಟ್ಯುನೀಸಿಯಾದಲ್ಲಿ ಜರ್ಮನ್ ಸೇನಾಪತಿ ಫಾನ್ ಆರ್ನಿಮ್ ಶರಣಾದದ್ದು 4ನೆಯ ಇಂಡಿಯನ್ ಡಿವಿಜನ್ನಿಗೆ. ಟ್ರೆಂಟ್ ಪಾರ್ಕ್‌ಗೆ ಬಂದ ಮೇಲೆ ಅವನೇ ಅಲ್ಲಿನ ಜನರಲ್‌ಗಳ ಹಿರಿಯನಾದ.

ಟೋಮಾನಿಗಿಂತ ಮುಂಚೆ ಅಲ್ಲಿದ್ದವನು ಲುಡ್ವಿಗ್ ಕ್ರೂವೆಲ್. ಅವನೂ ಆಫ್ರಿಕಾ ಕೋರ್‌ನ ಹಳೆಯ ದಂಡನಾಯಕ, 1942ರ ಮೇ ತಿಂಗಳಲ್ಲಿ ಪುಟ್ಟ ವಿಮಾನದಲ್ಲಿ ಹೋಗುವಾಗ ಬ್ರಿಟಿಷರ ಕೈಗೆ ಬಿದ್ದವನು. ಪದಕದ ಲೆಕ್ಕದಲ್ಲಿ ಟೋಮಾನಿಗಿಂತ ಒಂದು ಮೆಟ್ಟಿಲು ಮೇಲೆ: ಅವನ ನೈಟ್ಸ್ ಕ್ರಾಸ್‌ಗೆ ಓಕ್ ಎಲೆಗಳ ಸೇರ್ಪಡೆಯಿತ್ತು. ಇಬ್ಬರ ಸ್ವಭಾವ ಎಣ್ಣೆ ಸೀಗೆಕಾಯಿ. ಹಿಟ್ಲರನಿಗೆ ತಲೆ ಕೆಟ್ಟಿದೆ, ಯುದ್ಧ ಸೋತಾಯಿತು ಎಂದು ಟೋಮಾ ಬಾಯಿಬಿಟ್ಟು ಹೇಳುತ್ತಿದ್ದ. ಕ್ರೂವೆಲ್‌ಗೆ ಅಂಥ ಮಾತು ಕಿವಿಗೆ ಕಾದ ಸೀಸ. ಇಬ್ಬರನ್ನೂ ಒಂದೇ ಸೂರಿನಡಿ ಇಟ್ಟದ್ದು ಕೆಂಡ್ರಿಕ್‌ಗೆ ಸಿಕ್ಕ ಲಾಭ. ಒಬ್ಬರನ್ನೊಬ್ಬರು ಒಪ್ಪದವರೇ ಹೆಚ್ಚು ಮಾತಾಡುವುದು.

1943ರ ಮಾರ್ಚ್ 22ರಂದು ಮಾತು ರಾಕೆಟ್ ಕಡೆ ಹೊರಳಿತು. ಬರ್ಲಿನ್ನಿನ ದಕ್ಷಿಣದ ಕುಮ್ಮರ್ಸ್‌ಡೋರ್ಫ್ ಪರೀಕ್ಷಾ ಬಯಲಿಗೆ ತಾನು ಫೀಲ್ಡ್ ಮಾರ್ಷಲ್ ಬ್ರೌಖಿಚ್ ಜೊತೆ ಹೋದದ್ದನ್ನು ಟೋಮಾ ಕ್ರೂವೆಲ್‌ಗೆ ಹೇಳಿದ. ಅಲ್ಲಿ ಭಾರೀ ರಾಕೆಟ್‌ಗಳನ್ನು ತೋರಿಸಿದ್ದರು, ಮುಂದಿನ ವರ್ಷ ತಮಾಷೆ ನೋಡಿ ಎಂದು ಅಲ್ಲಿನ ಮೇಜರ್ ಒಬ್ಬ ಹುರುಪಿನಿಂದ ಹೇಳಿದ್ದ. ಅದಾದ ಮೇಲೆ ಟೋಮಾ ಹೂಡಿದ ತರ್ಕ ನನಗೆ ಈ ಕತೆಯಲ್ಲೇ ಅತ್ಯಂತ ಸೊಗಸಾದ ತುಣುಕು. ನಾವಿರುವ ಈ ಸೆರೆಮನೆ ಲಂಡನ್ ಹತ್ತಿರ ಎಲ್ಲೋ ಇದೆ, ಇಷ್ಟು ದಿನವಾದರೂ ಯಾವ ಭಾರೀ ಸ್ಫೋಟದ ಸದ್ದೂ ಕೇಳಿಸಿಲ್ಲ, ಅಂದರೆ ಆ ಕೆಲಸ ಎಲ್ಲೋ ಕೊಕ್ಕೆ ಬಿದ್ದು ನಿಂತಿರಬೇಕು ಎಂದ. ಬಾಂಬು ಬೀಳಲಿಲ್ಲ ಎಂಬ ಮೌನದಿಂದ ಅವನು ಹೊರಡಿಸಿದ ತೀರ್ಮಾನವನ್ನು ಕೇಳುಗರ ಕೋಣೆಯಲ್ಲಿ ಯಾರೋ ಬರೆದುಕೊಂಡರು.

ಆ ಹಾಳೆ ಕೆಲವೇ ದಿನಗಳಲ್ಲಿ ಆರ್. ವಿ. ಜೋನ್ಸ್ ಎಂಬ ಯುವ ಭೌತವಿಜ್ಞಾನಿಯ ಮೇಜಿಗೆ ಬಂತು. ಬ್ರಿಟಿಷ್ ವಾಯುಪಡೆಗೆ ವೈಜ್ಞಾನಿಕ ಬೇಹುಗಾರಿಕೆಯ ಹೊಣೆ ಹೊತ್ತಿದ್ದವರು ಅವರು. ಜರ್ಮನರು ರಾಕೆಟ್ ಮಾಡುತ್ತಿದ್ದಾರೆಂಬ ಸುಳಿವು ಅವರಿಗೆ ಹೊಸದಲ್ಲ. 1939ರಲ್ಲೇ ಓಸ್ಲೋದ ಬ್ರಿಟಿಷ್ ರಾಯಭಾರ ಕಚೇರಿಗೆ ಹೆಸರಿಲ್ಲದ ಪತ್ರವೊಂದು ಬಂದು, ಬಾಲ್ಟಿಕ್ ದಂಡೆಯ ಪೇನೆಮ್ಯುಂಡೆ ಎಂಬ ಜಾಗದ ಹೆಸರನ್ನೇ ಹೇಳಿತ್ತು. ಅದನ್ನು ಬರೆದವರು ಹಾನ್ಸ್ ಫರ್ಡಿನಾಂಡ್ ಮಾಯರ್ ಎಂಬ ಜರ್ಮನ್ ವಿಜ್ಞಾನಿ ಎಂಬುದು ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. ಪತ್ರವನ್ನು ಹಲವರು ನಂಬಿರಲಿಲ್ಲ. ಆದರೆ ಈಗ ಮಾತಾಡುತ್ತಿದ್ದವನು ಯಂತ್ರಗಳನ್ನು ಬಲ್ಲ ಟ್ಯಾಂಕ್ ಜನರಲ್, ತನ್ನನ್ನು ಯಾರೂ ಕೇಳುತ್ತಿಲ್ಲ ಎಂದು ಭಾವಿಸಿ ಮಾತಾಡುತ್ತಿದ್ದವನು. ಸುಳ್ಳು ಹೇಳಲು ಅವನಿಗೆ ಕಾರಣವಿರಲಿಲ್ಲ. ಹಳೆಯ ಸುಳಿವುಗಳಿಗೆಲ್ಲ ತೂಕ ಬಂದದ್ದು ಅಲ್ಲಿಂದ.

ಏಪ್ರಿಲಿನಲ್ಲಿ ಚರ್ಚಿಲ್‌ನ ಅಳಿಯ ಡಂಕನ್ ಸ್ಯಾಂಡಿಸ್ ನೇತೃತ್ವದಲ್ಲಿ ತನಿಖೆ ಶುರುವಾಯಿತು. ಪೇನೆಮ್ಯುಂಡೆಯ ಮೇಲೆ ಹಾರಿದ ವಿಮಾನಗಳು ಫೋಟೋ ತಂದವು. ಜೂನ್ 12ರಂದು ತೆಗೆದ ಒಂದು ಚಿತ್ರದಲ್ಲಿ ಗಾಡಿಯ ಮೇಲೆ ಮಲಗಿಸಿದ್ದ ರಾಕೆಟ್ ಜೋನ್ಸ್ ಕಣ್ಣಿಗೆ ಬಿತ್ತು. ಚರ್ಚಿಲ್‌ನ ವಿಜ್ಞಾನ ಸಲಹೆಗಾರ ಲಾರ್ಡ್ ಚರ್ವೆಲ್ ಮಾತ್ರ ಇದು ದಾರಿತಪ್ಪಿಸಲು ನಿಲ್ಲಿಸಿದ ಬೊಂಬೆ ಎಂದು ವಾದಿಸುತ್ತಲೇ ಇದ್ದ. ಆಗಸ್ಟ್ 17ರ ರಾತ್ರಿ 596 ಬಾಂಬರುಗಳು ಹೋಗಿ ಬಾಂಬು ಸುರಿದವು, 40 ವಾಪಸಾಗಲಿಲ್ಲ. ಎಂಜಿನ್ ತಜ್ಞ ವಾಲ್ಟರ್ ಥೀಲ್ ಸತ್ತ. ಗುರಿ ತಪ್ಪಿದ ಬಾಂಬುಗಳು ಟ್ರಾಸೆನ್‌ಹೈಡೆಯ ಶಿಬಿರದ ಮೇಲೆ ಬಿದ್ದು, ಹಿಡಿದು ತಂದು ದುಡಿಸುತ್ತಿದ್ದ ವಿದೇಶೀ ಕೂಲಿಗಳು ನೂರಾರು ಮಂದಿ ಸತ್ತರು. ಅವರಲ್ಲಿ ಕೆಲವರು ಈ ಜಾಗದ ಸುದ್ದಿಯನ್ನು ಕದ್ದು ಹೊರಗೆ ಕಳಿಸುತ್ತಿದ್ದವರು. ಜರ್ಮನರು ರಾಕೆಟ್ ಕಾರ್ಖಾನೆಯನ್ನು ನಾರ್ಡ್‌ಹೌಸನ್ ಬಳಿ ಬೆಟ್ಟದೊಳಗಿನ ಸುರಂಗಕ್ಕೆ ಒಯ್ದರು. ಅಲ್ಲಿ ಡೋರಾ ಶಿಬಿರದ ಕೈದಿಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಸತ್ತರು. ವಿ-2 ಎಂದು ಹೆಸರಾದ ಈ ರಾಕೆಟ್ ಲಂಡನ್ ಮೇಲೆ ಮೊದಲು ಬಿದ್ದದ್ದು 1944ರ ಸೆಪ್ಟೆಂಬರ್ 8ರಂದು. ದಾಳಿಯಿಂದ ರಾಕೆಟ್ ನಿಂತಿತು ಎಂದು ಹೇಳುವಂತಿಲ್ಲ, ತಡವಾಯಿತು ಎನ್ನಬಹುದು. ಅಷ್ಟು ತಡವೂ ಸಣ್ಣದಲ್ಲ: ಅಷ್ಟರೊಳಗೆ ಮಿತ್ರಸೈನ್ಯ ನಾರ್ಮಂಡಿಯಲ್ಲಿ ಕಾಲೂರಿಯಾಗಿತ್ತು.

ಇದು ಮೊದಲ ಆವಿಷ್ಕಾರ. ಈ ಕತೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ಮುಗಿಸುತ್ತಾರೆ, ಏಕೆಂದರೆ ಇದರಲ್ಲಿ ರಾಕೆಟ್ ಇದೆ, ಬಾಂಬರ್ ಇದೆ. ನನ್ನ ಕುತೂಹಲ ಅದೇ ಕಡತಗಳ ಉಳಿದ ಹಾಳೆಗಳ ಕಡೆಗೆ. ಅವನ್ನು ಯಾರೂ ಸುಟ್ಟಿರಲಿಲ್ಲ, ಯಾರೂ ಓದಿರಲೂ ಇಲ್ಲ.

ಯುದ್ಧ ಮುಗಿದಾಗ ಬ್ರಿಟಿಷರ ಬಳಿ ಹತ್ತು ಸಾವಿರಕ್ಕೂ ಹೆಚ್ಚು ಜರ್ಮನ್ ಕೈದಿಗಳ ಕದ್ದಾಲಿಸಿದ ಮಾತುಗಳಿದ್ದವು. ಅವನ್ನು ನ್ಯೂರೆಂಬರ್ಗ್ ನ್ಯಾಯಾಲಯಕ್ಕೆ ಕೊಡಲಿಲ್ಲ. ಕೊಟ್ಟರೆ ವಿಧಾನ ಬಯಲಾಗುತ್ತಿತ್ತು, ಮುಂದಿನ ಯುದ್ಧಕ್ಕೆ ಅದೇ ವಿಧಾನ ಬೇಕಿತ್ತು. ಜನರಲ್‌ಗಳು ತಮ್ಮ ಕತೆಯನ್ನು ತಾವೇ ಹೇಳಿಕೊಳ್ಳಲು ಸ್ವತಂತ್ರರಾದರು. ಅಮೆರಿಕದ ಸೈನ್ಯ ಅವರಲ್ಲಿ ಹಲವರನ್ನು ಕೂರಿಸಿ ಯುದ್ಧದ ಇತಿಹಾಸ ಬರೆಸಿತು. ಬ್ರಿಟಿಷ್ ಲೇಖಕ ಲಿಡೆಲ್ ಹಾರ್ಟ್ ಈ ಜನರಲ್‌ಗಳನ್ನು ಸಂದರ್ಶಿಸಿ ಪುಸ್ತಕ ಮಾಡಿದ. ಟೋಮಾ ಕೂಡ ಅವನ ಮುಂದೆ ಸ್ಪೇನಿನ ಟ್ಯಾಂಕ್ ಕಾಳಗಗಳ ಬಗ್ಗೆ ಲಹರಿಯಿಂದ ಮಾತಾಡಿದ. ಸೆರೆಯಲ್ಲಿದ್ದಾಗಲೇ ಒಂದು ಕಾಲು ಕಳೆದುಕೊಂಡಿದ್ದ ಅವನು 1948ರ ಏಪ್ರಿಲಿನಲ್ಲಿ ತೀರಿಕೊಂಡ. ಹೀಗೆ ಬರೆಸಿಕೊಂಡ ಇತಿಹಾಸದಲ್ಲಿ ಸೈನ್ಯ ಕೇವಲ ಕಾದಿತು. ಕೊಲೆಗಳನ್ನೆಲ್ಲ ಮಾಡಿದ್ದು ನಾಜಿ ಪಕ್ಷದ ಎಸ್‌ಎಸ್ ಪಡೆ. 1957ರಲ್ಲಿ ಪಶ್ಚಿಮ ಜರ್ಮನಿ ಒಂದು ಕಾನೂನು ತಂದು, ನಾಜಿ ಕಾಲದ ಪದಕಗಳನ್ನು ಸ್ವಸ್ತಿಕ ತೆಗೆದು ಧರಿಸಬಹುದು ಎಂದಿತು. ನೈಟ್ಸ್ ಕ್ರಾಸ್‌ನ ನಡುವೆ ಸ್ವಸ್ತಿಕವಿದ್ದ ಕಡೆ ಓಕ್ ಎಲೆಗಳು ಬಂದವು. ಪದಕಕ್ಕೆ ಮಾಡಿದ್ದನ್ನೇ ಪದಕ ಧರಿಸಿದವರ ನೆನಪಿಗೂ ಮಾಡಿದರು ಎಂದರೆ ಕಟುವಾದ ಮಾತೇನೂ ಆಗಲಾರದು.

ಕದ್ದಾಲಿಕೆ ಗುಟ್ಟಾಗಿಯೇ ಉಳಿದಿತ್ತೇ ಎಂದರೆ, ಇಲ್ಲ. ಜೋನ್ಸ್ 1978ರಲ್ಲಿ ತಮ್ಮ ನೆನಪುಗಳ ಪುಸ್ತಕದಲ್ಲಿ ಟೋಮಾ-ಕ್ರೂವೆಲ್ ಪ್ರಸಂಗವನ್ನು ಬರೆದಿದ್ದರು. ಓದಿದವರೆಲ್ಲ ರಾಕೆಟ್ಟನ್ನು ಕಂಡರು. ಆ ಇಬ್ಬರು ವರ್ಷಗಟ್ಟಲೆ ಮಾತಾಡಿದ ಬೇರೆ ವಿಷಯಗಳೇನು, ಅವೆಲ್ಲ ಎಲ್ಲಿವೆ ಎಂದು ಯಾರೂ ಕೇಳಲಿಲ್ಲ. 1996ರಲ್ಲಿ ಬ್ರಿಟಿಷ್ ಸರಕಾರ ಕಡತಗಳ ಮೇಲಿನ ಮುಚ್ಚಳ ತೆಗೆದಾಗಲೂ ಸದ್ದಾಗಲಿಲ್ಲ.

2001ರ ನವೆಂಬರಿನಲ್ಲಿ ಝೋಂಕೆ ನೈಟ್ಸೆಲ್ ಎಂಬ ಜರ್ಮನ್ ಇತಿಹಾಸಕಾರರು ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಅತಿಥಿ ಅಧ್ಯಾಪಕರಾಗಿದ್ದರು. ಅವರಿಗೆ ಆಸಕ್ತಿಯಿದ್ದದ್ದು ಜನರಲ್‌ಗಳಲ್ಲಲ್ಲ, ಅಟ್ಲಾಂಟಿಕ್‌ನ ಜಲಾಂತರ್ಗಾಮಿ ಯುದ್ಧದಲ್ಲಿ. ಮೈಕೆಲ್ ಗ್ಯಾನನ್ ಎಂಬ ಅಮೆರಿಕನ್ ಲೇಖಕ ಆ ಯುದ್ಧದ ಬಗ್ಗೆ ಬರೆದ ಪುಸ್ತಕದಲ್ಲಿ, ಸೆರೆಸಿಕ್ಕ ಜಲಾಂತರ್ಗಾಮಿ ನಾವಿಕರು ತಮ್ಮತಮ್ಮಲ್ಲಿ ಆಡಿಕೊಂಡ ಮಾತುಗಳನ್ನು ಬಳಸಿದ್ದ. ವಿಚಾರಣೆಯ ವರದಿ ಎಂದರೆ ಇತಿಹಾಸಕಾರರಿಗೆ ಗೊತ್ತು. ಖಾಸಗಿ ಹರಟೆ ಕಾಗದದ ಮೇಲೆ ಎಲ್ಲಿಂದ ಬಂತು? ನೈಟ್ಸೆಲ್ ಲಂಡನ್ನಿಗೆ ಹೋಗಿ, ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಆ ಕಡತ ಕೇಳಿದರು. ತಂದಿಟ್ಟದ್ದು ತೆಳುವಾದ ಫೈಲಲ್ಲ, ದಪ್ಪನೆಯ ಕಟ್ಟು. ಅದು ಒಂದೇ ಒಂದು ತಿಂಗಳ ಮಾತು. ಹಾಗಾದರೆ ಉಳಿದ ತಿಂಗಳುಗಳು? ನಾವಿಕರ ಮಾತಿದ್ದರೆ ಕಾಲಾಳುಗಳದ್ದು, ವಿಮಾನ ಚಾಲಕರದ್ದು, ಜನರಲ್‌ಗಳದ್ದು? ಒಂದೊಂದೇ ಕೇಳುತ್ತಾ ಹೋದರು, ಎಲ್ಲವೂ ಇದ್ದವು. ಕ್ಯೂನಲ್ಲಿ ಸುಮಾರು 50 ಸಾವಿರ ಪುಟ. ಅಮೆರಿಕದವರೂ ವರ್ಜೀನಿಯಾದ ಫೋರ್ಟ್ ಹಂಟ್‌ನಲ್ಲಿ ಇದನ್ನೇ ಮಾಡಿದ್ದರೆಂದು ತಿಳಿದು ಅಲ್ಲಿ ಹುಡುಕಿದಾಗ ಅದರ ಎರಡರಷ್ಟು. ಜನರಲ್‌ಗಳ ಮಾತುಗಳನ್ನು ಆರಿಸಿ 2005ರಲ್ಲಿ ಒಂದು ಪುಸ್ತಕ ಮಾಡಿದರು. ಸಾಮಾನ್ಯ ಸೈನಿಕರ ಮಾತುಗಳನ್ನು ಸಮಾಜ ಮನೋವಿಜ್ಞಾನಿ ಹರಾಲ್ಡ್ ವೆಲ್ಟ್ಸರ್ ಜೊತೆಗೂಡಿ 2011ರಲ್ಲಿ ಪ್ರಕಟಿಸಿದರು.

ನನಗೆ ಮುಖ್ಯವಾಗಿ ಕಾಣುವುದು ಇದು: ಜೋನ್ಸ್ ಮತ್ತು ನೈಟ್ಸೆಲ್ ಒಂದೇ ಕಡತಗಳನ್ನು ಓದಿದವರು. ಒಬ್ಬರು ಹುಡುಕಿದ್ದು ಆಯುಧವನ್ನು, ಇನ್ನೊಬ್ಬರು ಆ ಆಯುಧ ಹಿಡಿದವನನ್ನು. ನಡುವಿನ 58 ವರ್ಷ ಕಾಗದವೇನೂ ಕಳೆದುಹೋಗಿರಲಿಲ್ಲ.

ಸಿಕ್ಕಿದ್ದೇನು? ಡೀಟ್ರಿಖ್ ಫಾನ್ ಕೊಲ್ಟಿಟ್ಸ್‌ನನ್ನು ನೋಡಿ. ರಾಟರ್‌ಡ್ಯಾಮ್ ಕಾಳಗಕ್ಕೆ 1940ರಲ್ಲಿ ನೈಟ್ಸ್ ಕ್ರಾಸ್ ಪಡೆದವನು. 1944ರ ಆಗಸ್ಟಿನಲ್ಲಿ ಪ್ಯಾರಿಸ್ಸನ್ನು ಸುಟ್ಟುಹಾಕೆಂದ ಹಿಟ್ಲರನ ಆಜ್ಞೆ ಮೀರಿ ನಗರವನ್ನು ಉಳಿಸಿದವನೆಂದು ಲೋಕವಿಖ್ಯಾತ. ನಮ್ಮಲ್ಲಿ 'ಫ್ರೀಡಮ್ ಅಟ್ ಮಿಡ್‌ನೈಟ್' ಪುಸ್ತಕದಿಂದ ಪರಿಚಿತರಾದ ಕಾಲಿನ್ಸ್ ಮತ್ತು ಲಾಪಿಯೇರ್ ಜೋಡಿ ಅದಕ್ಕೆ ಮುಂಚೆ ಬರೆದದ್ದು ಇದೇ ಪ್ಯಾರಿಸ್ ಕತೆಯನ್ನು. ಅದು ಸಿನಿಮಾ ಕೂಡ ಆಯಿತು. ಪ್ಯಾರಿಸ್‌ನಲ್ಲಿ ಶರಣಾಗಿ ಟ್ರೆಂಟ್ ಪಾರ್ಕ್‌ಗೆ ಬಂದ ಕೆಲವೇ ದಿನಗಳಲ್ಲಿ ಅದೇ ಕೊಲ್ಟಿಟ್ಸ್ ಸಹಕೈದಿಯೊಡನೆ ಮಾತಾಡುತ್ತಾ, ತಾನು ಮಾಡಿದ ಕೆಲಸಗಳಲ್ಲೆಲ್ಲ ಕೆಟ್ಟದ್ದು ಯಹೂದಿಗಳನ್ನು ಇಲ್ಲವಾಗಿಸಿದ್ದು, ಆದರೂ ಆ ಆಜ್ಞೆಯನ್ನು ಕೊನೆಯವರೆಗೆ ಪಾಲಿಸಿದೆ ಎಂಬ ಅರ್ಥದ ಮಾತು ಹೇಳಿದ. ಅವನ ಸಿನಿಮಾದಲ್ಲಿ ಆ ದೃಶ್ಯವಿಲ್ಲ.

ಇನ್ನೊಬ್ಬ ಜನರಲ್ ವಾಲ್ಟರ್ ಬ್ರುನ್ಸ್‌ನ ಮಾತು ಇನ್ನೂ ಭೀಕರ. 1945ರ ಏಪ್ರಿಲಿನಲ್ಲಿ ಅವನು, ಲಾತ್ವಿಯಾದ ರೀಗಾ ಹತ್ತಿರ 1941ರ ಕೊನೆಯಲ್ಲಿ ನಡೆದ ಸಾಮೂಹಿಕ ಕೊಲೆಯನ್ನು ಕಣ್ಣಾರೆ ಕಂಡವನಂತೆ ಬಣ್ಣಿಸಿದ: ತೋಡಿದ ಗುಂಡಿಗಳು, ಸಾಲಿನಲ್ಲಿ ನಿಂತು ಕಾಯುತ್ತಿದ್ದ ಹೆಂಗಸರು ಮಕ್ಕಳು. ಅವನಿಗೆ ಅದು ಸಹಿಸಲಾಗಿರಲಿಲ್ಲ ಎಂಬುದೂ ಮಾತಿನಲ್ಲಿದೆ. ಸೈನ್ಯಕ್ಕೆ ಏನೂ ಗೊತ್ತಿರಲಿಲ್ಲ ಎಂಬ ವಾದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಇವರು ನ್ಯಾಯಾಧೀಶನ ಮುಂದೆ ನಿಂತಿರಲಿಲ್ಲ, ಊಟದ ಬಳಿಕ ಹರಟುತ್ತಿದ್ದರು.

ಟೋಮಾನನ್ನೇನು ಮಾಡುವುದು? ಹಿಟ್ಲರನನ್ನು ಬೈದನೆಂದು ಅವನಿಗೆ ಇನ್ನೊಂದು ಪದಕ ತೊಡಿಸಲು ನನಗೆ ಮನಸ್ಸಿಲ್ಲ. ಫ್ರಾಂಕೋನಿಗಾಗಿ ಮೂರು ವರ್ಷ ದುಡಿದವನು, ಸೆರೆಸಿಗುವ ದಿನದವರೆಗೆ ಆಜ್ಞೆ ಪಾಲಿಸಿದವನು ಅವನು. ನಾಲಗೆ ಸಡಿಲವಾದದ್ದು ಕತ್ತಿ ಕೆಳಗಿಟ್ಟ ಮೇಲೆ. ಆದರೂ ಆ ಬಂಗಲೆಯಲ್ಲಿ ಸತ್ಯವನ್ನು ಬೇಗ ಒಪ್ಪಿಕೊಂಡವರಲ್ಲಿ ಅವನೊಬ್ಬ. ಸೋಲಿನ ಮಾತು ಆಡಕೂಡದೆಂದು ಫಾನ್ ಆರ್ನಿಮ್ ಅಪ್ಪಣೆ ಹೊರಡಿಸಬೇಕಾಗಿ ಬಂದದ್ದು ಟೋಮಾನಂಥವರಿಂದಲೇ. ಎಲ್ಲ ಕಳೆದುಕೊಂಡು ಸೆರೆಯಲ್ಲಿ ಕೂತ ಸೇನಾಪತಿಗಳು ಎರಡು ಗುಂಪಾಗಿ, ಯಾರು ದೇಶದ್ರೋಹಿ ಎಂದು ಜಗಳವಾಡಿದ ಆ ಪುಟಗಳಲ್ಲಿ ದುರಂತಕ್ಕಿಂತ ಹಾಸ್ಯವೇ ಒಂದು ತೂಕ ಹೆಚ್ಚು.

ಈ ಕಾಗದಗಳನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಹರಟೆಯಲ್ಲಿ ಬಡಾಯಿ ಇರುತ್ತದೆ, ಕೇಳಿದ್ದನ್ನು ಕಂಡೆನೆಂದು ಹೇಳುವ ಚಟ ಇರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಬರೆದುಕೊಂಡವರ ಕಡೆಯದು. ಡಿಸ್ಕುಗಳು ದುಬಾರಿ, ಮಾತನ್ನು ಕಾಗದಕ್ಕೆ ಇಳಿಸಿದ ಮೇಲೆ ಅವನ್ನು ಮತ್ತೆ ಬಳಸುತ್ತಿದ್ದರು. ಕ್ರೌರ್ಯದ ಮಾತು ಕಿವಿಗೆ ಬಿದ್ದರೆ ಡಿಸ್ಕಿನ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ತೆಗೆದಿಡಬೇಕೆಂದು ಕೆಂಡ್ರಿಕ್ ಹೇಳಿದ್ದನ್ನು ಆ ಕೇಳುಗರು ಮುಪ್ಪಿನಲ್ಲೂ ನೆನೆಸಿಕೊಳ್ಳುತ್ತಿದ್ದರು. ಆದರೂ ಅವರ ಮೊದಲ ಕರ್ತವ್ಯ ರೇಡಾರ್, ಟ್ಯಾಂಕ್, ರಾಕೆಟ್. ಉಳಿದ ಮಾತು ಬಂದಾಗ ಮುಳ್ಳು ಇಳಿಸಬೇಕೋ ಬೇಡವೋ ಎಂಬುದು ಹೆಡ್‌ಫೋನ್ ಹಾಕಿ ಕೂತವನ ಆ ಕ್ಷಣದ ತೀರ್ಮಾನ. ಹಾಗೆ ಕೂತವರಲ್ಲಿ ಎಷ್ಟೋ ಮಂದಿಯ ಅಪ್ಪ ಅಮ್ಮ ಇನ್ನೂ ಜರ್ಮನಿಯಲ್ಲಿ, ಆಸ್ಟ್ರಿಯಾದಲ್ಲಿ ಉಳಿದುಕೊಂಡಿದ್ದರು. ರೀಗಾದ ಗುಂಡಿಗಳಂಥ ಕತೆಯನ್ನು ಕೊನೆಯವರೆಗೆ ಕೇಳಿ, ಜರ್ಮನ್‌ನಲ್ಲಿ ಒಮ್ಮೆ ಬರೆದು, ಇಂಗ್ಲಿಷಿಗೆ ತಿರುಗಿಸಿ ಇನ್ನೊಮ್ಮೆ ಬರೆಯಬೇಕಾಗಿದ್ದವರು ಅವರು. ನೈಟ್ಸೆಲ್‌ಗೆ ಕ್ಯೂನಲ್ಲಿ ಓದಲು ಸಿಕ್ಕಿದ್ದು ಅವರು ಬರೆದಿಟ್ಟಷ್ಟು ಮಾತ್ರ.